ಬ್ಯಾಕ್ಟೀರಿಯಾದ ಕೋಟೆಯನ್ನು ದಾಟುವ ವಿಷಪ್ರೋಟೀನುಗಳು

ನಮ್ಮ ಕರಾವಳಿಯ ಅನೇಕ ಕುಟುಂಬಗಳಿಗೆ ಸೀಗಡಿ ಸಾಕಣೆಯು ಜೀವನಾಧಾರವಾಗಿರುವುದು ಎಲ್ಲರಿಗೂ ತಿಳಿದ ವಿಷಯ. ಸೀಗಡಿಯ ಮರಿಗಳನ್ನು ಬೆಳೆಸುವ ತೊಟ್ಟಿಗಳಲ್ಲಿ ವಿಬ್ರಿಯೋ ಹಾರ್ವೆಯಿ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡರೆ ರೋಗ ತಗಲಿದ ಮರಿಗಳು ಕತ್ತಲಲ್ಲಿ ಮಿನುಗತೊಡಗುತ್ತವೆ. ನೋಡುವವರಿಗೆ ಸೊಗಸಾಗಿ ಕಾಣುವ ಆ ಬೆಳಕು ಸಾಕಣೆಗಾರನ ಪಾಲಿಗೆ ನಷ್ಟದ ಮುನ್ಸೂಚನೆ. ಪ್ರತಿಜೈವಿಕ ಔಷಧಗಳನ್ನು ಮತ್ತೆ ಮತ್ತೆ ಬಳಸಿದಂತೆಲ್ಲ ಅವುಗಳಿಗೆ ಜಗ್ಗದ ಬ್ಯಾಕ್ಟೀರಿಯಾಗಳು ತಲೆಯೆತ್ತುತ್ತವೆ. 1969ರಲ್ಲಿ ಸ್ಥಾಪನೆಗೊಂಡ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದ ವಿಜ್ಞಾನಿಗಳು ಈ ಸಮಸ್ಯೆಗೆ ಇನ್ನೊಂದು ಪರಿಹಾರವನ್ನು ಅರಸಿದರು. ಬ್ಯಾಕ್ಟೀರಿಯಾಗಳನ್ನೇ ಆಶ್ರಯಿಸಿ ಅವನ್ನು ಕೊಲ್ಲುವ ಫೇಜ್ ಎಂಬ ವೈರಸ್ಸುಗಳನ್ನು ಅವರು ಮರಿಗಳ ತೊಟ್ಟಿಗಳಲ್ಲಿ ಪ್ರಯೋಗಿಸಿದಾಗ ಶೇಕಡಾ 85ಕ್ಕೂ ಹೆಚ್ಚು ಮರಿಗಳು ಬದುಕುಳಿದವು. ಈ ಫಲಿತಾಂಶವು 2007ರಲ್ಲಿ ಪ್ರಕಟವಾಯಿತು.

ಔಷಧವು ಸೋತಲ್ಲಿ ಫೇಜ್ ಗೆಲ್ಲುವುದು ಹೇಗೆ? ಬ್ಯಾಕ್ಟೀರಿಯಾದ ಮೈಮೇಲೆ ತನಗೆ ಒದಗುವ ಬಾಗಿಲು ಯಾವುದೆಂಬುದನ್ನು ಅದು ಗುರುತಿಸಬಲ್ಲದು. ಈ ವಿದ್ಯೆಯು ಫೇಜಿಗೆ ಮಾತ್ರ ಮೀಸಲಾದುದಲ್ಲ. ಬ್ಯಾಕ್ಟೀರಿಯಾಗಳು ತಮ್ಮ ನೆರೆಯ ಪ್ರತಿಸ್ಪರ್ಧಿಗಳನ್ನು ಕೊಲ್ಲಲು ತಯಾರಿಸುವ ಕೆಲವು ವಿಷಪ್ರೋಟೀನುಗಳಿಗೂ ಅದು ಕರಗತವಾಗಿದೆ. ಅವು ಜೀವಕೋಶದ ಪೊರೆಗಳನ್ನು ದಾಟುವ ಬಗೆಯನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

1925ರಲ್ಲಿ ಬೆಲ್ಜಿಯಮ್ ದೇಶದ ಆಂದ್ರೆ ಗ್ರಾಸಿಯಾ ಎಂಬ ವಿಜ್ಞಾನಿಯು, ಎಷರಿಕಿಯಾ ಕೋಲೈ ಬ್ಯಾಕ್ಟೀರಿಯಾದ ಒಂದು ತಳಿಯು ಅದೇ ಜಾತಿಯ ಇನ್ನೊಂದು ತಳಿಯನ್ನು ಕೊಲ್ಲುವುದನ್ನು ಗಮನಿಸಿದನು. ಇಂತಹ ವಿಷಗಳಿಗೆ ಮುಂದೆ ಕೋಲಿಸಿನ್ ಎಂದು ಹೆಸರಾಯಿತು. ಎಷರಿಕಿಯಾ ಕೋಲೈ ನಮ್ಮೆಲ್ಲರ ಕರುಳಿನ ನಿವಾಸಿ. ಅದರ ಬಹುಪಾಲು ತಳಿಗಳು ನಿರುಪದ್ರವಿಗಳು. ಕೆಲವು ಮಾತ್ರ ರೋಗಕಾರಕಗಳು.

ಈ ಬ್ಯಾಕ್ಟೀರಿಯಾದ ಉದ್ದ ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಭಾಗದಷ್ಟು. ಆದರೂ ಅದರ ರಕ್ಷಣೆ ಒಂದು ಕೋಟೆಗೆ ಸಮನಾದುದು. ಹೊರಗಡೆ ಒಂದು ಪೊರೆ, ಒಳಗಡೆ ಇನ್ನೊಂದು ಪೊರೆ, ಇವೆರಡರ ನಡುವಣ ಅವಕಾಶದಲ್ಲಿ ಬಲೆಯಂತೆ ಹೆಣೆದ ಕೋಶಭಿತ್ತಿ. ಹೊರಪೊರೆಯಲ್ಲಿ ಪೋರಿನ್ ಎಂಬ ಪ್ರೋಟೀನುಗಳಿಂದಾದ ಸಣ್ಣ ರಂಧ್ರಗಳಿವೆ. ಅವುಗಳ ಇಕ್ಕಟ್ಟಾದ ಭಾಗದ ಅಗಲ ಹೆಚ್ಚುಕಡಮೆ ಒಂದು ನ್ಯಾನೋಮೀಟರು, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಸುಮಾರು 600 ಡಾಲ್ಟನ್ ತೂಕದವರೆಗಿನ ಅಣುಗಳು ಮಾತ್ರ ಇವುಗಳ ಮೂಲಕ ತಾವಾಗಿ ನುಸುಳಬಲ್ಲವು. ವ್ಯಾಂಕೋಮೈಸಿನ್‌ನಂತಹ ಪ್ರಬಲ ಔಷಧವು ಇಂತಹ ಬ್ಯಾಕ್ಟೀರಿಯಾಗಳ ಮುಂದೆ ನಿಷ್ಫಲವಾಗುವುದಕ್ಕೆ ಈ ಹೊರಪೊರೆಯೇ ಕಾರಣ. ಕೋಲಿಸಿನ್‌ಗಳಾದರೋ ಇನ್ನೂ ದೊಡ್ಡವು. ಅವುಗಳಲ್ಲಿ ಹೆಚ್ಚಿನವುಗಳ ತೂಕ 40,000 ಡಾಲ್ಟನ್‌ಗಳನ್ನು ಮೀರುತ್ತದೆ. ಆದರೂ ಅವು ಒಳಹೊಕ್ಕು ಕೊಲ್ಲುತ್ತವೆ.

ಈ ಒಗಟನ್ನು ಬಿಡಿಸಿಕೊಳ್ಳಲು ಕೋಲಿಸಿನ್ ಇ9 ಎಂಬ ವಿಷವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಅಣುವಿನಲ್ಲಿ ಮೂರು ಭಾಗಗಳಿದ್ದು ಒಂದೊಂದಕ್ಕೂ ಒಂದೊಂದು ಕೆಲಸವಿದೆ. ಒಂದು ಭಾಗವು ಗುರಿಯನ್ನು ಹಿಡಿಯುತ್ತದೆ, ಒಂದು ದಾರಿ ಮಾಡುತ್ತದೆ, ಇನ್ನೊಂದು ಕೊಲ್ಲುತ್ತದೆ.

ಮೊದಲು ಹಿಡಿಯುವ ಭಾಗವು ಹೊರಪೊರೆಯಲ್ಲಿರುವ ಬಿಟಿಯುಬಿ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಈ ಪ್ರೋಟೀನು ಅಲ್ಲಿರುವುದು ವಿಷವನ್ನು ಬರಮಾಡಿಕೊಳ್ಳಲೆಂದಲ್ಲ. ಬಿ-12 ಜೀವಸತ್ವವನ್ನು ಹೊರಗಿನಿಂದ ಹಿಡಿದು ಒಳಗೆ ಸಾಗಿಸುವುದೇ ಅದರ ಕರ್ತವ್ಯ. ಬಿಎಫ್ 23 ಎಂಬ ಫೇಜ್ ಕೂಡ ಎಷರಿಕಿಯಾ ಕೋಲೈಯನ್ನು ಪ್ರವೇಶಿಸಲು ಇದೇ ಬಾಗಿಲನ್ನು ಆಶ್ರಯಿಸುತ್ತದೆ.

ಎರಡನೆಯ ಹಂತ ಹೆಚ್ಚು ಕುತೂಹಲಕಾರಿಯಾದುದು. ಕೋಲಿಸಿನ್ ಅಣುವಿನ ಒಂದು ತುದಿಯು ಯಾವ ಮಡಿಕೆಯೂ ಇಲ್ಲದೆ ಸಡಿಲವಾದ ದಾರದಂತಿರುತ್ತದೆ. ಈ ತುದಿಯು ಪಕ್ಕದಲ್ಲಿರುವ ಪೋರಿನ್ ಒಂದರ ರಂಧ್ರವನ್ನು ಅರಸಿ, ಸೂಜಿಯ ಕಣ್ಣಿನಲ್ಲಿ ದಾರವನ್ನು ಪೋಣಿಸಿದಂತೆ ಒಳಗಿಳಿಯುತ್ತದೆ. ಇದಕ್ಕೆ ಪ್ರತ್ಯಕ್ಷವಾದ ಆಧಾರವನ್ನು ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು. 2021ರಲ್ಲಿ ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸಹಾಯದಿಂದ, ಪೋಣಿಸಿಕೊಂಡ ಸ್ಥಿತಿಯಲ್ಲಿಯೇ ಕೋಲಿಸಿನ್‌ನ ರಚನೆಯನ್ನು ಕಂಡುಕೊಂಡರು.

ಒಳಗಿಳಿದ ತುದಿಯು ಎರಡು ಪೊರೆಗಳ ನಡುವೆ ಇರುವ ಟಾಲ್‌ಬಿ ಎಂಬ ಪ್ರೋಟೀನಿಗೆ ಸಿಕ್ಕಿಕೊಳ್ಳುತ್ತದೆ. ಇದು ಬ್ಯಾಕ್ಟೀರಿಯಾದ ಟಾಲ್ ಎಂಬ ಯಂತ್ರವ್ಯವಸ್ಥೆಗೆ ಸೇರಿದುದು. ಒಳಪೊರೆಯ ಎರಡು ಬದಿಗಳಲ್ಲಿ ಪ್ರೋಟಾನುಗಳ ಪ್ರಮಾಣ ಬೇರೆಬೇರೆಯಾಗಿರುವುದರಿಂದ ದೊರೆಯುವ ಶಕ್ತಿಯಿಂದ ಈ ಯಂತ್ರ ನಡೆಯುತ್ತದೆ. ಬಾವಿಗೆ ಬಿಟ್ಟ ಹಗ್ಗದ ತುದಿಯನ್ನು ಕೆಳಗಿನಿಂದ ಯಾರೋ ಜಗ್ಗಿದರೆ ಹೇಗೋ ಹಾಗೆ ಆ ಶಕ್ತಿಯು ಕೋಲಿಸಿನ್ನನ್ನು ಒಳಕ್ಕೆ ಸೆಳೆಯುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ವಿಷಕ್ಕೆ ಸ್ವಂತ ಶಕ್ತಿಯಿಲ್ಲ. ಅದನ್ನು ಒಳಗೆಳೆದುಕೊಳ್ಳುವುದು ಸಾಯಲಿರುವ ಕೋಶದ ಶಕ್ತಿಯೇ!

ಕೊನೆಗೆ ಕೊಲ್ಲುವ ಭಾಗವು ಒಳಪೊರೆಯನ್ನೂ ದಾಟಿ ಕೋಶದ ಡಿಎನ್‌ಎಯನ್ನು ಕತ್ತರಿಸುತ್ತದೆ. ಕೋಲಿಸಿನ್ ಇ3 ಎಂಬುದು ಡಿಎನ್‌ಎಗೆ ಬದಲಾಗಿ, ಪ್ರೋಟೀನು ತಯಾರಿಸುವ ರೈಬೋಸೋಮಿನ ಆರ್‌ಎನ್‌ಎಯನ್ನು ಕತ್ತರಿಸುತ್ತದೆ. ಕೋಲಿಸಿನ್ ಐಎ ಒಳಪೊರೆಯನ್ನು ದಾಟುವುದೇ ಇಲ್ಲ. ಅದು ಅಲ್ಲಿಯೇ ರಂಧ್ರವನ್ನು ಕೊರೆದು ಕೋಶದ ಶಕ್ತಿಯೆಲ್ಲ ಸೋರಿಹೋಗುವಂತೆ ಮಾಡುತ್ತದೆ.

ಹಾಗಾದರೆ ಈ ವಿಷವನ್ನು ತಯಾರಿಸುವ ಕೋಶವೇ ಮೊದಲು ಸಾಯಬೇಡವೆ? ಅದಕ್ಕೆಂದೇ ಪ್ರತಿಯೊಂದು ಕೋಲಿಸಿನ್ನಿನ ಜೊತೆಗೆ ಅದನ್ನು ನಿಷ್ಕ್ರಿಯಗೊಳಿಸುವ ಒಂದು ರಕ್ಷಕ ಪ್ರೋಟೀನೂ ತಯಾರಾಗುತ್ತದೆ. ಇ9 ವಿಷವು ಈ ರಕ್ಷಕವನ್ನು ಅಪ್ಪಿಕೊಂಡೇ ಹೊರಬಂದು, ಶತ್ರುಕೋಶವನ್ನು ಹೊಗುವಾಗ ಅದನ್ನು ಕಳಚಿಹಾಕುತ್ತದೆ. ಆದರೂ ವಿಷವನ್ನು ಹೊರಚೆಲ್ಲಬೇಕಾದರೆ ತಯಾರಿಸಿದ ಕೋಶವು ಸಾಮಾನ್ಯವಾಗಿ ಒಡೆದು ಸಾಯಲೇಬೇಕು. ಸಮೂಹದ ಕೆಲವೇ ಕೋಶಗಳು ಹೀಗೆ ಅಳಿದು, ರಕ್ಷಕ ಪ್ರೋಟೀನನ್ನು ಪಡೆದಿರುವ ತಮ್ಮ ಬಂಧುಗಳಿಗೆ ಜಾಗ ಮಾಡಿಕೊಡುತ್ತವೆ.

ಬಾಗಿಲಿನಿಂದಲೇ ಮೃತ್ಯು ಬರುವುದಾದರೆ ಬ್ಯಾಕ್ಟೀರಿಯಾ ಅದನ್ನೇಕೆ ಮುಚ್ಚಿಕೊಳ್ಳಬಾರದು? ಕೆಲವು ಹಾಗೆ ಮುಚ್ಚಿಕೊಳ್ಳುವುದೂ ಉಂಟು. ಆದರೆ ಅದಕ್ಕೆ ತಕ್ಕ ಬೆಲೆಯನ್ನು ತೆರಬೇಕು. ಬಿಟಿಯುಬಿಯನ್ನು ಕಳೆದುಕೊಂಡ ಕೋಶವು ಬಿ-12 ಜೀವಸತ್ವವನ್ನು ಹಿಡಿಯಲಾರದು. ಟಾಲ್ ವ್ಯವಸ್ಥೆಯನ್ನು ಕಳೆದುಕೊಂಡ ಕೋಶದ ಹೊರಪೊರೆಯು ಶಿಥಿಲಗೊಂಡು, ಕರುಳಿನ ಪಿತ್ತಲವಣಗಳನ್ನು ಸಹಿಸಲಾರದೆ ಹೋಗುತ್ತದೆ. ಅನ್ನ ಬರುವ ದಾರಿಯಲ್ಲೇ ಶತ್ರುವೂ ಬರುತ್ತಾನೆಂದು ದಾರಿಯನ್ನೇ ಮುಚ್ಚಿದರೆ ಉಪವಾಸ ತಪ್ಪದು.

ಮಾನವನಿಗೆ ಇದರಿಂದಾಗುವ ಪ್ರಯೋಜನವನ್ನು ಈಗ ಊಹಿಸಬಹುದು. ಔಷಧಗಳಿಗೆ ಜಗ್ಗದ ಬ್ಯಾಕ್ಟೀರಿಯಾಗಳ ಸೋಂಕು 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನರ ಸಾವಿಗೆ ನೇರ ಕಾರಣವಾಯಿತೆಂದು ಅಂದಾಜಿಸಲಾಗಿದೆ. ಕೋಟೆಯನ್ನು ಬಲದಿಂದ ಒಡೆಯುವ ಬದಲು ಅನ್ನದ ಬಾಗಿಲಿನಿಂದ ಒಳಹೋಗುವ ಉಪಾಯವು ಈಗಾಗಲೇ ಔಷಧರೂಪವನ್ನು ತಾಳಿದೆ. 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೆಫಿಡೆರೊಕಾಲ್ ಪ್ರೋಟೀನಲ್ಲ, ಒಂದು ಚಿಕ್ಕ ಅಣು. ಅದು ಕಬ್ಬಿಣದ ಅಂಶವನ್ನು ಹಿಡಿದುಕೊಳ್ಳುತ್ತದೆ. ಬ್ಯಾಕ್ಟೀರಿಯಾ ತನಗೆ ಅತ್ಯವಶ್ಯವಾದ ಕಬ್ಬಿಣವೆಂದು ಬಗೆದು ಅದನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಆದರೆ ಈ ಬಾಗಿಲುಗಳನ್ನು ಮಾರ್ಪಡಿಸಿಕೊಂಡು ಪಾರಾಗುವ ತಳಿಗಳೂ ಕಂಡುಬಂದಿವೆ. ಆದುದರಿಂದ ಯಾವ ಹೊಸ ಔಷಧವನ್ನೇ ಆಗಲಿ ಮಿತವಾಗಿ, ವೈದ್ಯರ ಸಲಹೆಯಂತೆ ಮಾತ್ರ ಬಳಸುವ ವಿವೇಕ ನಮಗಿರಬೇಕು.

ಸೀಗಡಿಯ ತೊಟ್ಟಿಯಲ್ಲಿ ಫೇಜನ್ನು ಬಳಸಿದ ನಮ್ಮ ಊರಿನ ವಿಜ್ಞಾನಿಗಳೂ ಕೋಲಿಸಿನ್ನಿನ ಬೆನ್ನು ಹತ್ತಿದ ದೂರದೇಶದವರೂ ಕಲಿಸುವ ಪಾಠ ಒಂದೇ. ವೈರಿಯನ್ನು ಗೆಲ್ಲಬೇಕಾದರೆ ಅವನ ಬಲವನ್ನು ಮಾತ್ರವಲ್ಲ, ಅವನ ಅಗತ್ಯವನ್ನೂ ಅರಿಯಬೇಕು. ಇನ್ನೂ ತಿಳಿಯಬೇಕಾದ ಬಾಗಿಲುಗಳು ಬಹಳ ಇವೆ. ಇಂದು ಶಾಲೆಯ ಪ್ರಯೋಗಶಾಲೆಯಲ್ಲಿ ಮೊದಲ ಸಲ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವ ವಿದ್ಯಾರ್ಥಿಗಳಲ್ಲಿ ಯಾರಾದರೂ ನಾಳೆ ಅವುಗಳಲ್ಲಿ ಒಂದನ್ನು ಕಂಡುಹಿಡಿಯುವಂತಾಗಲಿ ಎಂದು ಹಾರೈಸೋಣ.