ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ: ಕಟಕೋಳ ಸೀಮೆಯ ಪಾಠಗಳು

ಎಂಟರಿಂದ ಹತ್ತನೆಯ ತರಗತಿಯವರೆಗಿನ ಮೂರು ವರ್ಷ ಕರ್ನಾಟಕದ ಬಹಳಷ್ಟು ಮಕ್ಕಳ ಪಾಲಿಗೆ ವಿಜ್ಞಾನ ಕಲಿಯುವ ಕೊನೆಯ ಅವಧಿ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಕೆಲವರು ಪಿಯುಸಿ ವಿಜ್ಞಾನಕ್ಕೆ ಸೇರುತ್ತಾರೆ. ಉಳಿದವರು ಕಲೆ, ವಾಣಿಜ್ಯ ವಿಭಾಗಗಳತ್ತ ಹೊರಳುತ್ತಾರೆ, ಇಲ್ಲವೇ ಹೊಲ, ಮಗ್ಗ, ಅಂಗಡಿ, ಗ್ಯಾರೇಜುಗಳಲ್ಲಿ ದುಡಿಮೆಗೆ ತೊಡಗುತ್ತಾರೆ. ಔಷಧ ಸಿಂಪಡಿಸುವಾಗ, ಪಂಪ್‌ಸೆಟ್ ಚಾಲೂ ಮಾಡುವಾಗ, ಮಗುವಿಗೆ ಲಸಿಕೆ ಹಾಕಿಸುವಾಗ ಅವರ ನೆರವಿಗೆ ಬರುವುದು ಈ ಮೂರು ವರ್ಷಗಳಲ್ಲಿ ಕಲಿತ ವಿಜ್ಞಾನವೇ. ಆದ್ದರಿಂದ ಅದನ್ನು ಹೇಗೆ ಕಲಿಸಲಾಗುತ್ತದೆ ಎಂಬುದು ಇಡೀ ಊರಿಗೆ ಸಂಬಂಧಿಸಿದ ವಿಷಯ.

ಹತ್ತನೆಯ ತರಗತಿಯವರೆಗೆ ಎಲ್ಲರಿಗೂ ವಿಜ್ಞಾನ ಕಡ್ಡಾಯವಾಗಿರುವುದರ ಹಿಂದೆ ಖಚಿತ ಉದ್ದೇಶವಿದೆ. ಭೌತವಿಜ್ಞಾನಿ ಡಿ.ಎಸ್. ಕೊಠಾರಿ ಅವರ ಅಧ್ಯಕ್ಷತೆಯ ಶಿಕ್ಷಣ ಆಯೋಗ (1964–66) ಶಾಲೆಯ ಮೊದಲ ಹತ್ತು ವರ್ಷ ವಿಜ್ಞಾನ ಮತ್ತು ಗಣಿತ ಎಲ್ಲ ಮಕ್ಕಳಿಗೂ ಇರಬೇಕೆಂದು ಶಿಫಾರಸು ಮಾಡಿತು. 1976ರಲ್ಲಿ ಸಂವಿಧಾನದ 42ನೆಯ ತಿದ್ದುಪಡಿಯು ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. ವಿಜ್ಞಾನಿಗಳನ್ನು ತಯಾರಿಸುವುದಷ್ಟೇ ಗುರಿಯಾಗಿರಲಿಲ್ಲ. ಕಂಡದ್ದನ್ನು ಪರೀಕ್ಷಿಸಿ ಒಪ್ಪುವ ನಾಗರಿಕರು ಬೇಕಾಗಿದ್ದರು.

ಪಠ್ಯ ಮತ್ತು ಶಿಕ್ಷಕ

ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಕಟಕೋಳ ಮತ್ತು ಅದೇ ಜಿಲ್ಲೆಯ ಸವದತ್ತಿ, ಬೈಲಹೊಂಗಲ, ಕಿತ್ತೂರು ತಾಲ್ಲೂಕುಗಳು ಬೆಳಗಾವಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಇಲ್ಲಿನ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಬಳಕೆಯಲ್ಲಿರುವುದು ಎನ್‌ಸಿಇಆರ್‌ಟಿ ವಿಜ್ಞಾನ ಪಠ್ಯದ ಕನ್ನಡ ರೂಪ. ಹತ್ತನೆಯ ತರಗತಿಯ ಪುಸ್ತಕ ರಾಸಾಯನಿಕ ಕ್ರಿಯೆಗಳಿಂದ ಆರಂಭವಾಗಿ ಆಮ್ಲ, ಪ್ರತ್ಯಾಮ್ಲ, ಲೋಹ, ಕಾರ್ಬನ್, ಜೀವಕ್ರಿಯೆ, ಅನುವಂಶೀಯತೆ, ಬೆಳಕು, ವಿದ್ಯುತ್, ಪರಿಸರ ಇವುಗಳ ಮೂಲಕ ಸಾಗುತ್ತದೆ. ಪಾಠದ ನಡುನಡುವೆ ಚಟುವಟಿಕೆಗಳಿವೆ. ಚಟುವಟಿಕೆ ಮೊದಲು, ವಿವರಣೆ ಆಮೇಲೆ ಎಂಬುದು ಪುಸ್ತಕದ ಕ್ರಮ. ತರಗತಿಯಲ್ಲಿ ಚಟುವಟಿಕೆಯನ್ನು ಮಾಡದೆ ಓದಿ ಮುಗಿಸಿದರೆ ಆ ಕ್ರಮವೇ ಮುರಿದುಬೀಳುತ್ತದೆ.

ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರನ್ನು ಸಾಮಾನ್ಯವಾಗಿ ಪಿಸಿಎಂ, ಸಿಬಿಝಡ್ ಎಂದು ಎರಡು ಬಗೆಯಾಗಿ ಗುರುತಿಸುತ್ತಾರೆ. ಪಿಸಿಎಂ ಶಿಕ್ಷಕರು ಪದವಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು. ಸಿಬಿಝಡ್ ಶಿಕ್ಷಕರು ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವರು. ಸಣ್ಣ ಶಾಲೆಯಲ್ಲಿ ಪಿಸಿಎಂ ಶಿಕ್ಷಕರು ಗಣಿತದಲ್ಲೇ ಮುಳುಗಿರುತ್ತಾರೆ. ಆಗ ಜೀವವಿಜ್ಞಾನ ಓದಿದವರೇ ಮಸೂರ, ವಿದ್ಯುನ್ಮಂಡಲಗಳನ್ನೂ ಕಲಿಸಬೇಕಾಗುತ್ತದೆ. ಒಂದು ಹುದ್ದೆ ಖಾಲಿಯಾದರೆ ವಿಜ್ಞಾನದ ಅರ್ಧ ಭಾಗವೇ ಸೊರಗುತ್ತದೆ.

ಅಡುಗೆಮನೆಯಿಂದ ಗಾಣದವರೆಗೆ

ರಸಾಯನ ವಿಜ್ಞಾನ ಮಕ್ಕಳಿಗೆ ಕಠಿಣವೆನಿಸುವುದು ಅದು ಸೂತ್ರಗಳಿಂದ ಶುರುವಾದಾಗ. ಸವದತ್ತಿ ಸೀಮೆಯಲ್ಲಿ ಅದನ್ನು ಭಂಡಾರದಿಂದ ಶುರುಮಾಡಬಹುದು. ಯಲ್ಲಮ್ಮನ ಗುಡ್ಡಕ್ಕೆ ಹೋಗಿಬಂದವರ ಮನೆಯಲ್ಲೆಲ್ಲ ಇರುವ ಈ ಅರಿಷಿಣದ ಪುಡಿ ಒಂದು ಒಳ್ಳೆಯ ಸೂಚಕ. ಅದರ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದಕ್ಕೆ ಸಾಬೂನಿನ ನೀರು ಅಥವಾ ಸುಣ್ಣದ ತಿಳಿ ತಾಗಿದರೆ ಕೆಂಪಾಗುತ್ತದೆ, ನಿಂಬೆ ರಸ ಹಾಕಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಅರಿಷಿಣದ ಕಲೆಯಾದ ಅಂಗಿ ಸಾಬೂನು ಹಚ್ಚಿದೊಡನೆ ಕೆಂಪಾಗುವುದನ್ನು ಮಕ್ಕಳು ಮನೆಯಲ್ಲಿ ಕಂಡಿರುತ್ತಾರೆ. ಕಾರಣ ಶಾಲೆಯಲ್ಲಿ ತಿಳಿಯುತ್ತದೆ.

ಇದರ ಮುಂದಿನ ಹೆಜ್ಜೆ ಬೆಲ್ಲದ ಗಾಣ. ಕಬ್ಬಿನ ಹಾಲು ಸ್ವಲ್ಪ ಆಮ್ಲೀಯ. ಅದರ ಪಿಎಚ್ ಮೌಲ್ಯ ಸುಮಾರು 5ರಿಂದ 5.5. ಕೊಪ್ಪರಿಗೆಯಲ್ಲಿ ಕುದಿಯುವಾಗ ಅದಕ್ಕೆ ಸುಣ್ಣದ ತಿಳಿ ಹಾಕಿದರೆ ಆಮ್ಲ ತಟಸ್ಥಗೊಳ್ಳುತ್ತದೆ, ಕಲ್ಮಷ ಗಟ್ಟಿಗೊಂಡು ಮೇಲೆ ತೇಲುತ್ತದೆ. ಆಮ್ಲ ಉಳಿದುಕೊಂಡರೆ ಸಕ್ಕರೆಯ ಅಣುಗಳು ಒಡೆದು ಬೆಲ್ಲದ ಅಚ್ಚು ಗಟ್ಟಿಯಾಗುವುದಿಲ್ಲ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ತಟಸ್ಥೀಕರಣ ಎಂಬ ಪಾಠವನ್ನು ಗಾಣದವರು ದಿನವೂ ಮಾಡುತ್ತಿರುತ್ತಾರೆ. ಪಿಎಚ್ ಕಾಗದದ ಪಟ್ಟಿಯೊಂದಿಗೆ ಗಾಣಕ್ಕೆ ಹೋಗಿಬರುವ ಮಧ್ಯಾಹ್ನ ಮಕ್ಕಳಿಗೆ ಆ ಪಾಠವನ್ನು ಖಾತ್ರಿಯಾಗಿ ಕಲಿಸುತ್ತದೆ.

ಸುಣ್ಣವೇ ಇನ್ನೊಂದು ಪಾಠ. ಮುಧೋಳ, ಲೋಕಾಪುರದ ಕಡೆಯ ಸುಣ್ಣಕಲ್ಲು ಸಿಮೆಂಟು ಕಾರ್ಖಾನೆಗಳಿಗೆ ಕಚ್ಚಾವಸ್ತು. ಕಲ್ಲನ್ನು ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಬಿಸಿ ಉಕ್ಕಿ ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಮರಳಿ ಹೀರಿ ಕೆಲವು ದಿನಗಳಲ್ಲಿ ತೆಳುವಾದ ಹೊಳೆಯುವ ಕಲ್ಲಿನ ಪದರವಾಗುತ್ತದೆ. ವಿಭಜನೆ, ಸಂಯೋಗ, ಉಷ್ಣ ಬಿಡುಗಡೆ ಎಂಬ ಮೂರು ಕಲ್ಪನೆಗಳು ಒಂದೇ ಗೋಡೆಯಲ್ಲಿ ಸಿಗುತ್ತವೆ. ಸುಣ್ಣ ಅರಳಿಸುವುದನ್ನು ಮಾತ್ರ ಶಿಕ್ಷಕರೇ ಮಾಡಿ ತೋರಿಸಬೇಕು, ಮಕ್ಕಳು ದೂರ ನಿಂತು ನೋಡಬೇಕು. ಸಿಡಿದ ಸುಣ್ಣ ಕಣ್ಣು ಕಳೆಯಬಲ್ಲದು.

ಹೊಲದ ಜೀವವಿಜ್ಞಾನ

ಶೇಂಗಾ, ಹೆಸರು, ಕಡಲೆ ಗಿಡವನ್ನು ಮೃದುವಾಗಿ ಕಿತ್ತು ಬೇರು ತೊಳೆದರೆ ಸಣ್ಣ ಗಂಟುಗಳು ಕಾಣುತ್ತವೆ. ಗಂಟನ್ನು ಸೀಳಿದಾಗ ಒಳಗೆ ನಸುಗೆಂಪು ಬಣ್ಣವಿದ್ದರೆ ಅಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿವೆ ಎಂದರ್ಥ. ಜೋಳದ ಬೇರಿನಲ್ಲಿ ಇಂಥ ಗಂಟಿಲ್ಲ. ಕಾಳಿನ ಬೆಳೆಯ ನಂತರ ಜೋಳ ಬಿತ್ತಿದರೆ ಭೂಮಿಗೆ ಒಳ್ಳೆಯದು ಎಂಬ ಹಿರಿಯರ ಅನುಭವಕ್ಕೆ ಕಾರಣ ಇಲ್ಲಿದೆ.

ಅನುವಂಶೀಯತೆಯ ಪಾಠವನ್ನು ಮೆಂಡೆಲನ ಬಟಾಣಿಯಿಂದ ಹತ್ತಿಯ ಹೊಲಕ್ಕೆ ತರಬಹುದು. ಧಾರವಾಡದಲ್ಲಿ ರೂಪುಗೊಂಡ ವರಲಕ್ಷ್ಮಿ, ಜಯಲಕ್ಷ್ಮಿ ಹೈಬ್ರಿಡ್ ಹತ್ತಿಗಳ ಹೆಸರು ಈ ಭಾಗದ ಹಿರಿಯ ರೈತರಿಗೆ ಗೊತ್ತು. ಹೈಬ್ರಿಡ್ ಬೆಳೆಯ ಬೀಜವನ್ನೇ ಎತ್ತಿಟ್ಟು ಮರುವರ್ಷ ಬಿತ್ತಿದರೆ ಗಿಡಗಳು ಒಂದೇ ಸಮನಾಗಿ ಬರುವುದಿಲ್ಲ ಎಂಬುದೂ ಗೊತ್ತು. ಮೊದಲ ಪೀಳಿಗೆಯಲ್ಲಿ ಒಟ್ಟುಗೂಡಿದ ಗುಣಗಳು ಎರಡನೆಯ ಪೀಳಿಗೆಯಲ್ಲಿ ಬೇರ್ಪಡುತ್ತವೆ. ಮೆಂಡೆಲ್ ತೋರಿಸಿದ್ದೂ ಇದನ್ನೇ. ತಂದೆ ಪ್ರತಿವರ್ಷ ಹೊಸ ಬೀಜದ ಚೀಲ ಕೊಳ್ಳುವುದೇಕೆ ಎಂದು ಮಗಳು ತರಗತಿಯಲ್ಲಿ ವಿವರಿಸಬಲ್ಲಳಾದರೆ ಆ ಪಾಠ ಅವಳಿಗೆ ದಕ್ಕಿದೆ.

ಆರೋಗ್ಯದ ವಿಷಯದಲ್ಲಿ ವಿಜ್ಞಾನದ ತರಗತಿ ಜೀವ ಉಳಿಸುತ್ತದೆ. ಹೊಲದಲ್ಲಿ ಹಾವು ಕಚ್ಚಿದಾಗ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸಲು ಕರೆದೊಯ್ಯುವುದು ಎಲ್ಲವೂ ಸಮಯ ಕಳೆಯುತ್ತವೆ, ಅಪಾಯ ಹೆಚ್ಚಿಸುತ್ತವೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಆಸ್ಪತ್ರೆಯಲ್ಲಿ ಪ್ರತಿವಿಷ ಉಂಟು. ಕಚ್ಚಿಸಿಕೊಂಡವರನ್ನು ಅಲುಗಾಡಿಸದೆ ಬೇಗ ಆಸ್ಪತ್ರೆಗೆ ಸೇರಿಸುವುದೇ ಸರಿಯಾದ ದಾರಿ. ಇದನ್ನು ಹತ್ತನೆಯ ತರಗತಿಯ ಹುಡುಗ ತಿಳಿದಿದ್ದರೆ ಮನೆಯವರಿಗೂ ಹೇಳುತ್ತಾನೆ.

ಬಾವಿ, ಪಂಪ್‌ಸೆಟ್, ಜಲಪಾತ

ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.33. ಆದ್ದರಿಂದ ಎಂಟು ಅಡಿ ಆಳದ ತಿಳಿನೀರಿನ ಬಾವಿ ಮೇಲಿನಿಂದ ನೇರವಾಗಿ ನೋಡುವವರಿಗೆ ಆರು ಅಡಿಯಷ್ಟೇ ಕಾಣುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಕೃಷಿ ಹೊಂಡಕ್ಕೋ ಹೊಳೆಗೋ ಇಳಿಯುವ ಮಕ್ಕಳು ಆಳ ಸ್ವಲ್ಪವೇ ಇದೆ ಎಂದು ಮೋಸಹೋಗುವುದಕ್ಕೆ ಇದೂ ಕಾರಣ. ಚಳಿಗಾಲದ ಮುಂಜಾವಿನಲ್ಲಿ ಬಾವಿಯ ನೀರು ಬೆಚ್ಚಗಿರುತ್ತದೆ ಎಂಬುದೂ ಚರ್ಚೆಗೆ ಒಳ್ಳೆಯ ವಿಷಯ. ಚಳಿಗಾಲದಲ್ಲೂ ಬೇಸಿಗೆಯಲ್ಲೂ ಒಂದೇ ತಾಪಮಾಪಕದಿಂದ ಅಳೆದು ಬರೆದಿಟ್ಟರೆ ಬಾವಿಯ ನೀರಿನ ಉಷ್ಣತೆ ಹೆಚ್ಚು ಬದಲಾಗದು, ಬದಲಾಗುವುದು ಹೊರಗಿನ ಗಾಳಿಯದು ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ.

ಒಂದು ಅಶ್ವಶಕ್ತಿ ಎಂದರೆ ಸುಮಾರು 746 ವ್ಯಾಟ್. 5 ಅಶ್ವಶಕ್ತಿಯ ಪಂಪ್‌ಸೆಟ್‌ನ ಸಾಮರ್ಥ್ಯ 3,730 ವ್ಯಾಟ್. ಮೋಟರಿನೊಳಗಿನ ನಷ್ಟವನ್ನು ಬಿಟ್ಟರೂ ಅದು ಪೂರ್ಣ ಭಾರದಲ್ಲಿ ಏಳು ತಾಸು ಓಡಿದರೆ ಸುಮಾರು 26 ಯೂನಿಟ್ ವಿದ್ಯುತ್ ಬೇಕು. ವಿದ್ಯುಚ್ಛಕ್ತಿಯ ಲೆಕ್ಕಗಳನ್ನು ಹೀಗೆ ಮನೆಯ ಪಂಪ್‌ಸೆಟ್‌ನಿಂದ ಕಲಿತವರು ಪರೀಕ್ಷೆಯಲ್ಲಿ ತಡವರಿಸುವುದಿಲ್ಲ. ಗೋಕಾಕ ಜಲಪಾತದ ಎತ್ತರ ಸುಮಾರು 52 ಮೀಟರ್. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮೇಲಿನಿಂದ ಬಿದ್ದ ನೀರು ತಳ ಮುಟ್ಟುವ ಹೊತ್ತಿಗೆ ಸೆಕೆಂಡಿಗೆ ಸುಮಾರು 32 ಮೀಟರ್ ವೇಗ ಪಡೆಯುತ್ತದೆ. ಆ ನೀರಿನ ಬಲ ಹತ್ತೊಂಬತ್ತನೆಯ ಶತಮಾನದಲ್ಲೇ ಗೋಕಾಕದ ಗಿರಣಿಯ ಯಂತ್ರಗಳನ್ನು ತಿರುಗಿಸಿತು. ಇಂದು ಸವದತ್ತಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಶಕ್ತಿಯ ರೂಪಾಂತರಕ್ಕೆ ಇವೆರಡೂ ಹತ್ತಿರದ ಉದಾಹರಣೆಗಳು.

ನೆಲ ಮತ್ತು ಆಕಾಶ

ಈ ಸೀಮೆಯ ಗುಡ್ಡಗಳ ಕಲ್ಲನ್ನು ಭೂವಿಜ್ಞಾನಿಗಳು ಕಲಾದಗಿ ಶಿಲಾಸಮೂಹ ಎಂದು ಕರೆಯುತ್ತಾರೆ. ನೂರು ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಸಮುದ್ರದಲ್ಲಿ ಸಂಗ್ರಹವಾದ ಮರಳು, ಕೆಸರು, ಸುಣ್ಣ ಗಟ್ಟಿಯಾಗಿ ಇವು ರೂಪುಗೊಂಡವು. ಕೆಲವು ಬಂಡೆಗಳ ಮೇಲೆ ಆ ಕಾಲದ ಅಲೆಗಳ ಗೆರೆಗಳು ಇಂದಿಗೂ ಇವೆ. ನವಿಲುತೀರ್ಥದಲ್ಲಿ ಮಲಪ್ರಭೆ ಇದೇ ಗುಡ್ಡಗಳನ್ನು ಕೊರೆದು ಸಾಗಿದೆ. ಅಲ್ಲಿನ ಇಕ್ಕಟ್ಟಾದ ಕಣಿವೆಗೆ ಅಣೆಕಟ್ಟು ಕಟ್ಟಲಾಗಿದೆ. ಬೇಸಿಗೆಯಲ್ಲಿ ಕಪ್ಪು ಮಣ್ಣಿನ ಎರಿ ಹೊಲ ಬಿರುಕು ಬಿಡುವುದು ಅದರಲ್ಲಿನ ಜೇಡಿಕಣಗಳು ನೀರು ಕಳೆದುಕೊಂಡು ಕುಗ್ಗುವುದರಿಂದ. ಒಣ ಹೆಂಟೆಯನ್ನು ಅಳತೆಯ ಡಬ್ಬಿಯಲ್ಲಿ ನೆನೆಸಿದರೆ ಅದು ಎಷ್ಟು ಉಬ್ಬುತ್ತದೆಂದು ಅಳೆಯಬಹುದು.

ಆಕಾಶ ವೀಕ್ಷಣೆಗೆ ಒಂದು ಕೋಲು ಸಾಕು. ರಾಮದುರ್ಗ ಸೀಮೆ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಮೇ ಮೊದಲ ವಾರದಲ್ಲಿ ಮತ್ತು ಆಗಸ್ಟ್ ಎರಡನೆಯ ವಾರದಲ್ಲಿ ಒಂದೊಂದು ದಿನ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬಂದು, ನೆಟ್ಟ ಕೋಲಿನ ನೆರಳು ಇಲ್ಲವಾಗುತ್ತದೆ. ಆಗಸ್ಟ್‌ನಲ್ಲಿ ಗಡಿಯಾರ ತೋರಿಸುವ ಸಮಯ ಹನ್ನೆರಡಲ್ಲ, ಸುಮಾರು 12 ಗಂಟೆ 35 ನಿಮಿಷ. ಭಾರತದ ಕಾಲಮಾನ 82.5 ಡಿಗ್ರಿ ರೇಖಾಂಶವನ್ನು ಅನುಸರಿಸುವುದು, ಈ ಸೀಮೆ ಅದರ ಪಶ್ಚಿಮಕ್ಕಿರುವುದು ಇದಕ್ಕೆ ಮುಖ್ಯ ಕಾರಣ. ಬೆಂಗಳೂರಿನ ಶಾಲೆಯೊಂದು ಅದೇ ದಿನ ತನ್ನ ನಡುಹಗಲಿನ ನೆರಳಿನ ಕೋನ ಅಳೆದರೆ ಸುಮಾರು 3 ಡಿಗ್ರಿ ವ್ಯತ್ಯಾಸ ಸಿಗುತ್ತದೆ. ಈ ವ್ಯತ್ಯಾಸ ಮತ್ತು ಎರಡು ಊರುಗಳ ಉತ್ತರ–ದಕ್ಷಿಣ ಅಂತರದಿಂದ ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಬಹುದು. ಗ್ರೀಕ್ ವಿದ್ವಾಂಸ ಎರಟೊಸ್ತನೀಸ್ ಎರಡು ಸಾವಿರ ವರ್ಷಗಳ ಹಿಂದೆ ಅನುಸರಿಸಿದ್ದು ಇದೇ ವಿಧಾನ.

ಭಾಷೆ ಮತ್ತು ಪರೀಕ್ಷೆ

ಕನ್ನಡ ಮಾಧ್ಯಮದ ಪಠ್ಯದಲ್ಲಿ ದ್ಯುತಿಸಂಶ್ಲೇಷಣೆ, ವಕ್ರೀಭವನದಂಥ ಪದಗಳು ಬಂದಾಗ ಮಕ್ಕಳು ಬೆದರುತ್ತಾರೆ. ಮೊದಲು ವಿದ್ಯಮಾನವನ್ನು ಕಾಣಿಸಿ, ಮನೆಮಾತಿನಲ್ಲೇ ಚರ್ಚಿಸಿ, ಕೊನೆಗೆ ಪದ ಕೊಟ್ಟರೆ ಅದು ನಿಲ್ಲುತ್ತದೆ. ಪಿಯುಸಿ ವಿಜ್ಞಾನಕ್ಕೆ ಹೋಗುವವರು ಒಮ್ಮೆಲೇ ಇಂಗ್ಲಿಷಿನಲ್ಲಿ ಓದಬೇಕಾಗುವುದರಿಂದ ಹತ್ತನೆಯ ತರಗತಿಯಲ್ಲೇ ಎರಡೂ ಭಾಷೆಯ ಪದಗಳನ್ನು ಜೊತೆಜೊತೆಗೆ ಬರೆಸುವುದು ಹಿತಕರ.

ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ. ಫಲಿತಾಂಶದ ಒತ್ತಡದಲ್ಲಿ ‘ಪಾಸಿಂಗ್ ಪ್ಯಾಕೇಜ್’ ಎಂಬ ಕಿರುಹೊತ್ತಿಗೆಗಳು ಹುಟ್ಟಿಕೊಂಡಿವೆ. ಹೃದಯ, ನೆಫ್ರಾನ್, ಕಣ್ಣಿನ ಚಿತ್ರಗಳನ್ನೂ ಆಯ್ದ ಪ್ರಶ್ನೋತ್ತರಗಳನ್ನೂ ಮತ್ತೆಮತ್ತೆ ಬರೆಸುವುದು ಅವುಗಳ ಕ್ರಮ. ಹಿಂದುಳಿದ ವಿದ್ಯಾರ್ಥಿಗೆ ಕೊನೆಯ ತಿಂಗಳಲ್ಲಿ ಅವು ಆಸರೆಯಾಗುತ್ತವೆ. ಆದರೆ ಎಂಟನೆಯ ತರಗತಿಯಿಂದಲೇ ಬೋಧನೆ ಹೀಗೆ ನಡೆದರೆ ಅಂಕ ಬರುತ್ತದೆ, ವಿಜ್ಞಾನ ಬರುವುದಿಲ್ಲ. ಅನ್ವಯಿಸಿ ಉತ್ತರಿಸಬೇಕಾದ ಪ್ರಶ್ನೆ ಎದುರಾದಾಗ ಅಂಕವೂ ಬರುವುದಿಲ್ಲ. ಆಂತರಿಕ ಮೌಲ್ಯಮಾಪನದ 20 ಅಂಕಗಳನ್ನು ನಿಜವಾದ ಪ್ರಯೋಗ, ಯೋಜನೆ, ಕ್ಷೇತ್ರ ದಾಖಲೆಗಳಿಗೆ ಮೀಸಲಿಡುವುದು ಶಿಕ್ಷಕರ ಕೈಯಲ್ಲೇ ಇದೆ.

ಶಾಲೆಯ ಹೊರಗೂ ಆಸರೆಗಳಿವೆ. 1993ರಿಂದ ನಡೆದುಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಊರಿನ ಸಮಸ್ಯೆಯನ್ನೇ ಅಧ್ಯಯನ ಮಾಡಿ ಮಂಡಿಸಬಹುದು. ಇನ್‌ಸ್ಪೈರ್ ಮಾನಕ್ ಯೋಜನೆ ಮಕ್ಕಳ ಹೊಸ ಯೋಚನೆಗೆ 10,000 ರೂಪಾಯಿ ನೆರವು ಕೊಡುತ್ತದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಪತ್ರಿಕೆ, ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರ ಈ ಭಾಗದ ಮಕ್ಕಳ ಕೈಗೆಟುಕುವಂಥವು.

ಶಿಕ್ಷಣಕ್ಕಾಗಿ ಕೊಡುವ ಪರಂಪರೆ ಈ ಸೀಮೆಗೆ ಹೊಸದಲ್ಲ. 1906ರಲ್ಲಿ ತೀರಿಕೊಂಡ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆ ಮೀಸಲಿಟ್ಟರು. ಏಳು ಜನ ಶಿಕ್ಷಕರು 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದರು. ಇಂದಿನ ಅಗತ್ಯ ಅಷ್ಟು ದೊಡ್ಡದಲ್ಲ. ನೀರಿನ ನಲ್ಲಿಯಿರುವ, ಬೀಗ ತೆರೆದಿರುವ ಪ್ರಯೋಗಾಲಯ, ಒಂದೆರಡು ಸೂಕ್ಷ್ಮದರ್ಶಕ, ಮಸೂರ, ತಂತಿ, ಪಿಎಚ್ ಕಾಗದ, ಖಾಲಿ ಬೀಳದ ವಿಜ್ಞಾನ ಶಿಕ್ಷಕರ ಹುದ್ದೆ, ಇವಿಷ್ಟನ್ನು ಶಾಲಾಭಿವೃದ್ಧಿ ಸಮಿತಿ, ಪಂಚಾಯಿತಿ, ಹಳೆಯ ವಿದ್ಯಾರ್ಥಿಗಳು ಹಟ ಹಿಡಿದು ಪಡೆಯಬೇಕು. ಮಗುವಿಗೆ ಎಷ್ಟು ಅಂಕ ಬಂತೆಂದು ಕೇಳುವ ಪಾಲಕರು ಈ ವಾರ ಯಾವ ಪ್ರಯೋಗ ಮಾಡಿದೆ ಎಂದೂ ಕೇಳಲಿ.