ವ್ಯಾಪ್ತಿಬೋಧಕ ವಿಶೇಷಣಗಳು: ಇಂಗ್ಲಿಷ್ ಪದಗಳೂ ಗಡಿನಾಡಿನ ಕನ್ನಡವೂ

೧

ವಸ್ತುವಿನ ಗುಣವನ್ನು ಹೇಳುವ ವಿಶೇಷಣಗಳು ಒಂದು ಬಗೆ. ಅದರ ವ್ಯಾಪ್ತಿ ಎಷ್ಟೆಂಬುದನ್ನು ಹೇಳುವವು ಇನ್ನೊಂದು ಬಗೆ. ಇಂಗ್ಲಿಷಿನ 'ಜನರಲ್', 'ಯೂನಿವರ್ಸಲ್', 'ಕಾಂಪ್ರಿಹೆನ್ಸಿವ್', 'ಇನ್‌ಕ್ಲೂಸಿವ್', 'ಬ್ರಾಡ್', 'ಹೋಲ್' ಮುಂತಾದುವು ಎರಡನೆಯ ಬಗೆಗೆ ಸೇರಿದವು. ಇವೆಲ್ಲಕ್ಕೂ 'ಸಮಗ್ರ', 'ವ್ಯಾಪಕ', 'ಸಾಮಾನ್ಯ' ಎಂಬ ಮೂರು ಮಾತುಗಳನ್ನೇ ಮನಬಂದಂತೆ ಬಳಸುವ ರೂಢಿ ಕನ್ನಡ ಭಾಷಾಂತರಗಳಲ್ಲಿ ಕಾಣುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಈ ತೊಡಕು ಇಮ್ಮಡಿಯಾದುದು. ಕನ್ನಡವೂ ಮರಾಠಿಯೂ ಒಟ್ಟಿಗೆ ನಡೆಯುವ ಅಲ್ಲಿ, ಒಂದೇ ಸಂಸ್ಕೃತ ಪದವು ಎರಡು ಭಾಷೆಗಳಲ್ಲಿ ಎರಡು ಅಳತೆಯದಾಗಿರುವುದುಂಟು.

೨

ಮೊದಲು ಇಂಗ್ಲಿಷ್ ಪದಗಳ ಮೂಲವನ್ನು ನೋಡತಕ್ಕುದು. 'ಬ್ರಾಡ್' ಎಂಬುದು ಅಗಲವನ್ನು ಹೇಳುವ ದೇಶೀಯ ಪದ. ಎಷ್ಟು ದೂರ ಹಬ್ಬಿದೆ ಎಂಬುದಷ್ಟೇ ಅದರ ವಿಷಯ, ನಡುವೆ ತೆರಪಿದ್ದರೂ ಅದಕ್ಕೆ ಬಾಧೆಯಿಲ್ಲ. 'ಹೋಲ್' ಎಂಬುದು ಆರೋಗ್ಯವನ್ನು ಹೇಳುವ 'ಹೇಲ್' ಎಂಬುದರ ಒಡಹುಟ್ಟು. ಊನವಿಲ್ಲದಿರುವುದು ಅದರ ಜೀವ. ಲ್ಯಾಟಿನ್ ಮೂಲದ 'ಕಾಂಪ್ರಿಹೆನ್ಸಿವ್' ಎಂದರೆ ಒಟ್ಟಾಗಿ ಹಿಡಿದುದು. 'ಇನ್‌ಕ್ಲೂಸಿವ್' ಎಂದರೆ ಒಳಗಿಟ್ಟು ಮುಚ್ಚಿಕೊಂಡುದು. 'ಯೂನಿವರ್ಸಲ್' ಎಂದರೆ ಒಂದಾಗಿ ತಿರುಗಿದುದು. 'ಜನರಲ್' ಎಂದರೆ ಒಂದು ಜಾತಿಗೆಲ್ಲ ಸಲ್ಲುವುದು. ಅಗಲ, ಅಖಂಡತೆ, ಹಿಡಿತ, ಆವರಣ, ಏಕತೆ, ಜಾತಿ ಎಂಬ ಆರು ಕಲ್ಪನೆಗಳು ಇಲ್ಲಿ ಬೇರೆ ಬೇರೆಯಾಗಿವೆ.

೩

ಇಂತಹ ವಿವೇಕ ಕನ್ನಡಕ್ಕೆ ಬಂದ ಸಂಸ್ಕೃತ ಪದಗಳಲ್ಲಿಯೂ ಇಲ್ಲದಿಲ್ಲ. ಕಲೆಗಳೊಡನೆ, ಎಂದರೆ ಭಾಗಗಳೊಡನೆ, ಕೂಡಿದುದು 'ಸಕಲ'; ಖಿಲವಿಲ್ಲದುದು, ಎಂದರೆ ತೆರಪಿಲ್ಲದುದು, 'ಅಖಿಲ'; ಒಟ್ಟುಗೂಡಿಸಿದುದು 'ಸಮಸ್ತ', ವ್ಯಾಕರಣದ 'ಸಮಾಸ'ವೂ ಅದೇ ಧಾತುವಿನಿಂದ ಹುಟ್ಟಿದುದು; ಎಲ್ಲೆಡೆಯೂ ಇರುವುದು 'ಸಾರ್ವತ್ರಿಕ'. 'ವ್ಯಾಪಕ'ದ ಅರ್ಥವನ್ನು ನೈಯಾಯಿಕರು ಬಹು ಬಿಗಿಯಾಗಿ ಹಿಡಿದರು. ಹೊಗೆಯಿದ್ದಲ್ಲಿ ಬೆಂಕಿ ಇದ್ದೇ ಇರುತ್ತದೆ, ಬೆಂಕಿಯಿದ್ದಲ್ಲೆಲ್ಲ ಹೊಗೆ ಇರಬೇಕಾದುದಿಲ್ಲ. ಆದುದರಿಂದ ಬೆಂಕಿ ವ್ಯಾಪಕ, ಹೊಗೆ ವ್ಯಾಪ್ಯ. ಲಕ್ಷಣವಾಕ್ಯವು ಬೇಡದುದನ್ನು ಒಳಗೊಂಡರೆ ಅತಿವ್ಯಾಪ್ತಿ, ಬೇಕಾದುದನ್ನು ಬಿಟ್ಟರೆ ಅವ್ಯಾಪ್ತಿ. ಭಾಷಾಂತರದ ದೋಷಗಳನ್ನು ಅಳೆಯುವುದಕ್ಕೆ ಈ ಎರಡು ಹೆಸರುಗಳೇ ಸಾಕು.

೪

ಇನ್ನು ಗಡಿನಾಡಿನ ಪ್ರಯೋಗಗಳು. 'ಜನರಲ್' ಎಂಬ ಒಂದೇ ಪದಕ್ಕೆ ಕನ್ನಡವು ಸಂದರ್ಭವರಿತು ಹಲವು ಮಾತುಗಳನ್ನು ಕೊಟ್ಟಿದೆ: ಚುನಾವಣೆ ಸಾರ್ವತ್ರಿಕ, ಜ್ಞಾನ ಸಾಮಾನ್ಯ, ಕಾರ್ಯದರ್ಶಿ ಪ್ರಧಾನ. ಸಹಕಾರ ಸಂಘಗಳ ವಾರ್ಷಿಕ ಸಭೆಗೆ ಉತ್ತರ ಕರ್ನಾಟಕದಲ್ಲಿ 'ಸರ್ವಸಾಧಾರಣ ಸಭೆ' ಎಂಬ ಹೆಸರು ಬಳಕೆಯಲ್ಲಿದೆ. ಮರಾಠಿಯಲ್ಲಿಯೂ ಅದಕ್ಕೆ ಇದೇ ಹೆಸರು. 'ಸಾಧಾರಣ' ಎಂದರೆ 'ಅಷ್ಟೇನೂ ಹೆಚ್ಚಲ್ಲದ್ದು' ಎಂದು ತಿಳಿದಿರುವ ಓದುಗನಿಗೆ ಈ ಹೆಸರು ವಿಚಿತ್ರವಾಗಿ ತೋರಬಹುದು. ಆದರೆ ಸಂಸ್ಕೃತದಲ್ಲಿ ಅದರ ಅರ್ಥ 'ಹಲವರಿಗೆ ಸಮಾನವಾಗಿ ಸೇರಿದುದು' ಎಂದೇ. ಸಭೆಯ ಹೆಸರು ಆ ಹಳೆಯ ಅರ್ಥವನ್ನು ಉಳಿಸಿಕೊಂಡಿದೆ.

ಇದಕ್ಕಿಂತ ತೊಡಕಿನದು 'ಸಮಾವೇಶ'. ಕನ್ನಡದಲ್ಲಿ ಸಮಾವೇಶವೆಂದರೆ ಜನ ನೆರೆದ ಸಭೆ. ಮರಾಠಿಯಲ್ಲಿ ಒಳಗೆ ಸೇರಿಸಿಕೊಳ್ಳುವಿಕೆ. 'ಇನ್‌ಕ್ಲೂಸಿವ್' ಎಂಬುದಕ್ಕೆ ಮರಾಠಿಯವರು 'ಸರ್ವಸಮಾವೇಶಕ' ಎನ್ನುತ್ತಾರೆ. 'ಒಟ್ಟಿಗೆ ಹೊಗುವುದು' ಎಂಬ ಮೂಲಾರ್ಥದಿಂದಲೇ ಎರಡೂ ಹೊರಟಿವೆ. ಮರಾಠಿ ಬಲ್ಲ ನಿಪ್ಪಾಣಿಯ ವಿದ್ಯಾರ್ಥಿಯೊಬ್ಬನು 'ಪಟ್ಟಿಯಲ್ಲಿ ಹೆಸರಿನ ಸಮಾವೇಶ' ಎಂದು ಬರೆದರೆ ಅದು ಅಜ್ಞಾನವಲ್ಲ. ನೆರೆಮಾತಿನ ಅರ್ಥ ಕನ್ನಡದೊಳಕ್ಕೆ ಹೊಕ್ಕುದು. ಉಪಾಧ್ಯಾಯನು ಬರಿದೆ ತಪ್ಪೆಂದು ಗೀಟೆಳೆಯದೆ, 'ಸೇರ್ಪಡೆ' ಎಂಬ ಕನ್ನಡದ ಮಾತನ್ನು ಪಕ್ಕದಲ್ಲಿಟ್ಟು ಭೇದವನ್ನು ತೋರಿಸುವುದು ಯುಕ್ತ.

೫

ಅಚ್ಚಗನ್ನಡದ ದಾರಿ ಬೇರೆ. 'ಎಲ್ಲ' ಎಂಬುದು ಬಿಡಿಬಿಡಿಯಾದವುಗಳನ್ನು ಒಂದೂ ಬಿಡದೆ ಎಣಿಸುತ್ತದೆ. 'ಇಡೀ' ಎಂಬುದು ಒಂದನ್ನೇ ಒಡೆಯದೆ ಹಿಡಿಯುತ್ತದೆ. 'ಎಲ್ಲ ಊರುಗಳು' ಎನ್ನಬಹುದು, 'ಇಡೀ ಊರು' ಎನ್ನಬಹುದು. 'ಇಡೀ ಊರುಗಳು' ಎಂದರೆ ಕಿವಿಗೆ ಹಿಡಿಸದು. ವಿಶೇಷಣವೇ ಇಲ್ಲದೆ ಸಾಕಲ್ಯವನ್ನು ಹೇಳುವ ಶಕ್ತಿಯೂ ಕನ್ನಡಕ್ಕುಂಟು. ಹಳಗನ್ನಡದ 'ಉಂ', ಹೊಸಗನ್ನಡದ 'ಊ' ಸಂಖ್ಯೆಗೆ ಹತ್ತಿದರೆ ಸಾಕು: 'ಐದು ತಾಲೂಕುಗಳು' ಎಂದರೆ ಯಾವುವೋ ಐದು, 'ಐದೂ ತಾಲೂಕುಗಳು' ಎಂದರೆ ಇರುವ ಐದರಲ್ಲಿ ಒಂದನ್ನೂ ಬಿಟ್ಟಿಲ್ಲ. ಇಂಗ್ಲಿಷಿಗೆ ಬೇರೊಂದು ಪದವೇ ಬೇಕಾದಲ್ಲಿ ಕನ್ನಡಕ್ಕೆ ಒಂದು ಸ್ವರ ಸಾಕು. ಆದರೆ ನಿಷೇಧದಲ್ಲಿ ಎಚ್ಚರ ಬೇಕು. 'ಎಲ್ಲರೂ ಬರಲಿಲ್ಲ' ಎಂಬ ವಾಕ್ಯದಿಂದ ಒಬ್ಬರೂ ಬರಲಿಲ್ಲವೆಂದೂ ಕೆಲವರು ಮಾತ್ರ ಬಂದರೆಂದೂ ಅರ್ಥ ಹೊರಡುತ್ತದೆ. ಮೊದಲನೆಯದು ಉದ್ದಿಷ್ಟವಾದರೆ 'ಯಾರೂ ಬರಲಿಲ್ಲ' ಎಂದೇ ಹೇಳತಕ್ಕುದು.

೬

ಇದು ಬರಿಯ ಪದವಿನೋದವಲ್ಲವೆಂಬುದಕ್ಕೆ ಈ ಸೀಮೆಯ ಚರಿತ್ರೆಯೇ ಸಾಕ್ಷಿ. ೧೯೫೬ರ ನವೆಂಬರ್ ೧ರಂದು ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಿತೆಂಬುದು ಸ್ಥೂಲವಾಗಿ ನಿಜ. 'ಇಡೀ ಬೆಳಗಾವಿ ಜಿಲ್ಲೆ' ಬಂದಿತೆಂದರೆ ಸುಳ್ಳು. ಚಂದಗಡ ತಾಲೂಕು ಅದರಿಂದ ಹೊರತಾಗಿ ಮುಂಬಯಿಯಲ್ಲಿಯೇ ಉಳಿಯಿತು. 'ಇಡೀ' ಎಂಬ ಎರಡಕ್ಷರ ಒಂದು ತಾಲೂಕಿನಷ್ಟು ಅತಿವ್ಯಾಪ್ತಿಯನ್ನು ತರುತ್ತದೆ. ಅಂತೆಯೇ ಹಳೆಯ ಕಾಗದಗಳಲ್ಲಿ 'ಸಮಗ್ರ ಚಿಕ್ಕೋಡಿ ತಾಲೂಕು' ಎಂದಿದ್ದರೆ ನಿಪ್ಪಾಣಿಯೂ ಅದರೊಳಗೆ. 'ಸಮಗ್ರ ಅಥಣಿ ತಾಲೂಕು' ಎಂದಿದ್ದರೆ ಕಾಗವಾಡವೂ ಅದರೊಳಗೆ. ಈ ಎರಡೂ ಊರುಗಳು ಈ ಶತಮಾನದಲ್ಲಿ ಬೇರೆ ತಾಲೂಕುಗಳಾದುವು. ವಿಶೇಷಣ ಬದಲಾಗಲಿಲ್ಲ, ಅದು ಹಿಡಿಯುವ ನೆಲ ಬದಲಾಯಿತು. 'ಸಮಗ್ರ'ವು ಯಾವ ಕಾಲದ ಸಮಗ್ರವೆಂದು ಕೇಳದೆ ಅಂತಹ ಕಾಗದವನ್ನು ಓದಲಾಗದು.

ಹೀಗಿರಲು ಭಾಷಾಂತರಕಾರನೂ ಉಪಾಧ್ಯಾಯನೂ ಪ್ರತಿಯೊಂದು ವ್ಯಾಪ್ತಿಬೋಧಕ ಪದಕ್ಕೆ ಮೂರು ಪ್ರಶ್ನೆಗಳನ್ನು ಹಾಕಬೇಕು: ಇದು ಬಿಡಿಗಳನ್ನು ಎಣಿಸುತ್ತದೆಯೆ, ಅಖಂಡವನ್ನು ಹಿಡಿಯುತ್ತದೆಯೆ, ಅಥವಾ ಹರಹನ್ನು ಮಾತ್ರ ಹೇಳುತ್ತದೆಯೆ? ಒಂದಾದರೂ ಹೊರಗುಳಿಯುವುದಕ್ಕೆ ಅವಕಾಶವಿದೆಯೆ? ನೆರೆಯ ಭಾಷೆಯಲ್ಲಿ ಈ ಪದದ ಅಳತೆ ಇಷ್ಟೆಯೆ? ಹರಹಿಗೆ 'ವ್ಯಾಪಕ', ಅಖಂಡಕ್ಕೆ 'ಸಮಗ್ರ' ಅಥವಾ 'ಇಡೀ', ಬಿಡಿಗಳ ಎಣಿಕೆಗೆ 'ಎಲ್ಲ', ಒಳಗೊಳ್ಳುವಿಕೆಗೆ 'ಒಳಗೊಂಡ' ಎಂದು ನೆಲೆಗೊಳಿಸಿದರೆ ಬಹುಮಟ್ಟಿನ ಗೊಂದಲ ನೀಗುತ್ತದೆ.