ಹಡಗಿನ ಬಿಡುವಿನಲ್ಲಿ ಹುಟ್ಟಿದ ವಿಜ್ಞಾನ

ವಿಮಾನಯಾನ ರೂಢಿಗೆ ಬರುವ ಮುನ್ನ ವಿಲಾಯತಿಗೆ ಓದಲು ಹೊರಟವರು ಮುಂಬಯಿಯಲ್ಲಿ ಹಡಗು ಹತ್ತುತ್ತಿದ್ದರು. ಎರಡು-ಮೂರು ವಾರಗಳ ಪಯಣ. ಮೊದಲ ದಿನಗಳು ಅನೇಕರಿಗೆ ತಲೆಸುತ್ತು, ವಾಂತಿಯಲ್ಲೇ ಮುಗಿಯುತ್ತಿದ್ದವು. ಆಮೇಲೆ ಮಾಡುವುದೇನು? ಊಟದ ಗಂಟೆಗೆ ಕಾಯುವುದು, ಡೆಕ್ಕಿನ ಮೇಲೆ ಅಡ್ಡಾಡುವುದು, ಇಸ್ಪೀಟು ಆಡುವುದು, ಕುರ್ಚಿಗೊರಗಿ ಕಡಲನ್ನು ದಿಟ್ಟಿಸುವುದು. ಪಶ್ಚಿಮಕ್ಕೆ ಸಾಗುವಾಗ ಗಡಿಯಾರವನ್ನು ಆಗಾಗ ಹಿಂದಕ್ಕೆ ತಿರುಗಿಸಬೇಕು. ಹಾಗಾಗಿ ಮೊದಲೇ ಉದ್ದವೆನಿಸಿದ ದಿನ ಇನ್ನಷ್ಟು ಉದ್ದ!

ಇಂಥ ದಿನಗಳನ್ನು ಇಬ್ಬರು ಭಾರತೀಯರು ಕಳೆದ ಬಗೆ ವಿಜ್ಞಾನದ ಚರಿತ್ರೆಯಲ್ಲಿ ಸೇರಿಹೋಗಿದೆ.

ಮೊದಲನೆಯವರು ಸಿ.ವಿ. ರಾಮನ್. 1921ರಲ್ಲಿ ಆಕ್ಸ್‌ಫರ್ಡ್‌ನ ಸಮ್ಮೇಳನ ಮುಗಿಸಿ ‘ನರ್ಕುಂಡ’ ಹಡಗಿನಲ್ಲಿ ಮರಳುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರ ಮನಸ್ಸನ್ನು ಹಿಡಿದಿಟ್ಟಿತು. ಅದು ಆಕಾಶದ ನೀಲಿಯ ಪ್ರತಿಬಿಂಬವಷ್ಟೇ ಎಂದು ಹೆಸರಾಂತ ವಿಜ್ಞಾನಿ ಲಾರ್ಡ್ ರ‍್ಯಾಲೆ ಹೇಳಿದ್ದರು. ರಾಮನ್ ಬಳಿ ನಿಕೋಲ್ ಪಟ್ಟಕ ಎಂಬ ಪುಟ್ಟ ಉಪಕರಣವಿತ್ತು. ಅದನ್ನು ತಕ್ಕ ಕೋನದಲ್ಲಿ ಹಿಡಿದು ನೋಡಿದರೆ ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನು ತಡೆಯಬಹುದು. ಹಾಗೆ ತಡೆದು ನೋಡಿದರೂ ನೀಲಿ ಮಾಯವಾಗಲಿಲ್ಲ! ಅಂದಮೇಲೆ ಬಣ್ಣ ನೀರಿನೊಳಗಿಂದಲೇ ಬರುತ್ತಿರಬೇಕು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿರಬೇಕು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಈ ನೀಲಿಗೆ ಮುಖ್ಯ ಕಾರಣವೆಂದು ಇಂದು ತಿಳಿದಿದೆ. ಹಡಗು ಮುಂಬಯಿ ಬಂದರಿನಲ್ಲಿದ್ದಾಗಲೇ, ಸೆಪ್ಟೆಂಬರ್ 26ರ ದಿನಾಂಕ ಹಾಕಿ, ‘ನೇಚರ್’ ಪತ್ರಿಕೆಗೆ ಅವರು ಪತ್ರ ಬರೆದರು. ಬೆಳಕಿನ ಚದುರುವಿಕೆಯ ಬೆನ್ನುಹತ್ತಿದ ಅವರು 1928ರ ಫೆಬ್ರುವರಿ 28ರಂದು ‘ರಾಮನ್ ಪರಿಣಾಮ’ವನ್ನು ಕಂಡರು. ಅದಕ್ಕೆ 1930ರ ನೊಬೆಲ್ ಪ್ರಶಸ್ತಿ ಬಂತು. ಆ ದಿನವನ್ನೇ ನಾವು ರಾಷ್ಟ್ರೀಯ ವಿಜ್ಞಾನ ದಿನವೆಂದು ಆಚರಿಸುತ್ತೇವೆ.

ಎರಡನೆಯವರು ರಾಮನ್ ಅವರ ಅಣ್ಣನ ಮಗ ಎಸ್. ಚಂದ್ರಶೇಖರ್. 1930ರ ಜುಲೈ 31ರಂದು ಕೇಂಬ್ರಿಜ್‌ಗೆ ಹೊರಟು ಮುಂಬಯಿಯಲ್ಲಿ ‘ಪಿಲ್ಸ್ನಾ’ ಹಡಗು ಹತ್ತಿದಾಗ ಅವರಿಗಿನ್ನೂ 19 ವರ್ಷ. ಜೊತೆಗೆ ಕೆಲವು ಪುಸ್ತಕಗಳು, ಕಾಗದ, ಪೆನ್ಸಿಲು. ಉರುವಲು ಮುಗಿದ ನಕ್ಷತ್ರ ಕುಗ್ಗಿ ‘ಶ್ವೇತ ಕುಬ್ಜ’ವಾಗುತ್ತದೆ ಎಂಬುದು ಆಗಿನ ತಿಳಿವಳಿಕೆ. ಅದರೊಳಗಿನ ಎಲೆಕ್ಟ್ರಾನುಗಳು ಬೆಳಕಿನ ವೇಗದ ಹತ್ತಿರಕ್ಕೆ ಓಡುವುದಾದರೆ ಐನ್‌ಸ್ಟೈನರ ಸಾಪೇಕ್ಷತೆಯನ್ನೂ ಲೆಕ್ಕಕ್ಕೆ ಸೇರಿಸಬೇಡವೇ? ಸೇರಿಸಿ ನೋಡಿದರು. ಒಂದು ಮಿತಿಗಿಂತ ಭಾರವಾದ ನಕ್ಷತ್ರಕ್ಕೆ ಆ ಶಾಂತ ಅಂತ್ಯ ಸಾಧ್ಯವಿಲ್ಲ ಎಂಬ ಉತ್ತರ ಬಂತು. ಮುಂದೆ ಅವರೇ ಲೆಕ್ಕವನ್ನು ತಿದ್ದಿ ತೀಡಿದರು. ಇಂದು ಒಪ್ಪಿತವಾಗಿರುವ ‘ಚಂದ್ರಶೇಖರ್ ಮಿತಿ’ ಸೂರ್ಯನ ದ್ರವ್ಯರಾಶಿಯ ಸುಮಾರು 1.4ರಷ್ಟು. 1935ರಲ್ಲಿ ಎಡಿಂಗ್ಟನ್ ಅವರಂಥ ದಿಗ್ಗಜರೇ ತುಂಬಿದ ಸಭೆಯಲ್ಲಿ ಅದನ್ನು ಅಲ್ಲಗಳೆದರೂ ಚಂದ್ರಶೇಖರ್ ಎದೆಗುಂದಲಿಲ್ಲ. 1983ರಲ್ಲಿ ಅವರಿಗೂ ನೊಬೆಲ್ ಬಂತು.

ಅದೇ ನೀಲಿಯನ್ನು ಹಡಗಿನ ಎಲ್ಲರೂ ನೋಡಿದ್ದರು. ಬಿಡುವು ಎಲ್ಲರಿಗೂ ಇತ್ತು. ಇವರಿಬ್ಬರಿಗೆ ಮಾತ್ರ ಬಿಡುವಿನ ಜೊತೆಗೆ ಕಾಡುವ ಪ್ರಶ್ನೆಯೊಂದಿತ್ತು. ಅದರ ಹಿಂದೆ ವರ್ಷಗಳ ಓದಿತ್ತು. ರಜೆ ಬಂದೊಡನೆ ಮಕ್ಕಳ ದಿನವನ್ನು ಗಂಟೆಗೊಂದು ತರಗತಿಯಿಂದ ತುಂಬುವ ತಂದೆತಾಯಿಗಳು ಇದನ್ನು ಗಮನಿಸಬೇಕು. ಓದಿದ್ದು ಪ್ರಶ್ನೆಯಾಗಿ ಮೊಳೆಯಲು ಕೆಲವು ಖಾಲಿ ದಿನಗಳೂ ಬೇಕು. ಮಗು ಕಿಟಕಿಯ ಬಳಿ ಸುಮ್ಮನೆ ಕುಳಿತಿದ್ದರೆ ಕೂಡಲೇ ಎಬ್ಬಿಸದಿರಿ. ಏನು ನೋಡುತ್ತಿದ್ದೀಯೆಂದು ಒಮ್ಮೆ ಕೇಳಿ.